ಜಮಖಂಡಿಯ ಪುರಸಭೆಯಿಂದ ರಾಷ್ಟ್ರಪತಿ ಭವನದವರೆಗೆ: ಬಿ.ಡಿ. ಜತ್ತಿಯವರ ಸಾರ್ವಜನಿಕ ಜೀವನ

ಅಧಿಕಾರವನ್ನು ಪಡೆಯುವ ದಾರಿಗಳನ್ನು ಲೋಕವು ಚೆನ್ನಾಗಿ ಬಲ್ಲದು. ಪಡೆದ ಅಧಿಕಾರವನ್ನು ಕಾಲ ಬಂದಾಗ, ಮನಸ್ಸು ಕಹಿಯಾಗದಂತೆ, ಮರಳಿ ಒಪ್ಪಿಸುವ ದಾರಿಯನ್ನು ಬಲ್ಲವರು ವಿರಳ. ನಾವು ಎಳವೆಯಲ್ಲಿ ಮಠದ ಪಾಠಶಾಲೆಯಲ್ಲಿದ್ದಾಗ ಪ್ರಸಾದ ನಿಲಯದ ಉಗ್ರಾಣದ ಕೀಲಿಕೈ ತಿಂಗಳಿಗೊಬ್ಬ ವಿದ್ಯಾರ್ಥಿಯ ಕೈಗೆ ಬರುತ್ತಿತ್ತು. ಜೋಳ, ಬೇಳೆ, ಬೆಲ್ಲ, ಎಣ್ಣೆಗಳ ಲೆಕ್ಕವನ್ನು ಆತನೇ ಬರೆದಿಡಬೇಕು. ತಿಂಗಳ ಕೊನೆಗೆ ಲೆಕ್ಕದ ಪುಸ್ತಕವನ್ನೂ ಕೀಲಿಕೈಯನ್ನೂ ಪೂಜ್ಯರ ಮುಂದಿಟ್ಟು, ಶರಣು ಮಾಡಿ, ಹಿಂದಿನಂತೆ ಪಂಕ್ತಿಯಲ್ಲಿ ಹೋಗಿ ಕುಳಿತುಕೊಳ್ಳಬೇಕು. ಕೀಲಿಕೈ ಕೈಗೆ ಬಂದ ದಿನ ಎಲ್ಲರ ಮುಖದಲ್ಲಿಯೂ ಹಿಗ್ಗು. ಒಪ್ಪಿಸುವ ದಿನ ಹಲವರ ಮುಖ ಬಾಡುತ್ತಿತ್ತು. ಪೂಜ್ಯರು ಮಾತ್ರ ಎರಡನೆಯ ದಿನದ ಮುಖವನ್ನೇ ಗಮನಿಸುತ್ತಿದ್ದರು. ಅದರ ಅರ್ಥ ನಮಗೆ ಆಗ ತಿಳಿಯಲಿಲ್ಲ.

ಆ ದಿನಗಳಲ್ಲಿಯೇ, 1977ರ ಫೆಬ್ರವರಿ 11ರಂದು, ರಾಷ್ಟ್ರಪತಿಗಳಾಗಿದ್ದ ಫಕ್ರುದ್ದೀನ್ ಅಲಿ ಅಹ್ಮದ್ ಅವರು ನಿಧನ ಹೊಂದಿದ ವಾರ್ತೆ ಆಕಾಶವಾಣಿಯಲ್ಲಿ ಬಂದಿತು. ಅದರ ಬೆನ್ನಿಗೇ, ಉಪರಾಷ್ಟ್ರಪತಿ ಬಸಪ್ಪ ದಾನಪ್ಪ ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾಗಿ ಪ್ರಮಾಣವಚನ ಸ್ವೀಕರಿಸಿದ ಸುದ್ದಿಯೂ ಬಂದಿತು. ಮಠದ ಕಟ್ಟೆಯ ಮೇಲೆ ಕುಳಿತಿದ್ದ ಜಮಖಂಡಿ ಸೀಮೆಯ ವೃದ್ಧ ಭಕ್ತರೊಬ್ಬರು ಎದ್ದು ನಿಂತು, "ಅಪ್ಪಾರ, ಇವರು ನಮ್ಮೂರಾಗ ಮುನ್ಸಿಪಾಲ್ಟಿ ಅಧ್ಯಕ್ಷರಿದ್ದವರ್ರೀ" ಎಂದು ಕಣ್ಣೊರೆಸಿಕೊಂಡರು. ಹುಡುಗರಾದ ನಮಗೆ ನಗು ಬಂದಿತು. ದೇಶದ ಪ್ರಥಮ ಪ್ರಜೆಯ ಸ್ಥಾನವೆಲ್ಲಿ, ಗಟಾರ ಬೀದಿದೀಪಗಳ ಲೆಕ್ಕ ನೋಡುವ ಊರ ಪುರಸಭೆಯೆಲ್ಲಿ! ಆದರೆ ಆ ವೃದ್ಧರು ದೊಡ್ಡ ಪದವಿಯನ್ನು ಬಿಟ್ಟು ಚಿಕ್ಕದನ್ನೇ ನೆನೆದುದರಲ್ಲಿ ಒಂದು ವಿವೇಕವಿದ್ದಿತೆಂದು ಈಗ ತೋರುತ್ತದೆ. ಜತ್ತಿಯವರ ಬದುಕನ್ನು ಆ ಚಿಕ್ಕ ಕುರ್ಚಿಯಿಂದ ನೋಡಿದಾಗಲೇ ಅದರ ಒಳಗಿನ ಎಳೆ ಕೈಗೆ ಸಿಗುತ್ತದೆ.

ಸಂಸ್ಥಾನದ ಊರು

ಜತ್ತಿಯವರು ಜನಿಸಿದ್ದು 1912ರ ಸೆಪ್ಟೆಂಬರ್ 10ರಂದು, ಜಮಖಂಡಿ ತಾಲ್ಲೂಕಿನ ಸಾವಳಗಿ ಗ್ರಾಮದ ಒಂದು ಸಾಮಾನ್ಯ ಲಿಂಗಾಯತ ಕುಟುಂಬದಲ್ಲಿ. ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಜಮಖಂಡಿ ಅಂದು ಬ್ರಿಟಿಷರ ನೇರ ಆಳ್ವಿಕೆಗೆ ಸೇರಿದ ಊರಾಗಿರಲಿಲ್ಲ. ಅದು ಪಟವರ್ಧನ ಮನೆತನದ ಒಂದು ಚಿಕ್ಕ ಸಂಸ್ಥಾನದ ರಾಜಧಾನಿ. ದೂರದ ಕುಂದಗೋಳವೂ ಇದೇ ಸಂಸ್ಥಾನಕ್ಕೆ ಸೇರಿತ್ತು. ಆಳುವವರ ಮಾತು ಮರಾಠಿ, ಹೊಲದಲ್ಲಿ ದುಡಿಯುವವರ ಮಾತು ಕನ್ನಡ. ವಿದ್ಯೆಗೆ ಮಾತ್ರ ಆ ಊರಿನಲ್ಲಿ ಮನ್ನಣೆಯಿತ್ತು. ತತ್ತ್ವಜ್ಞಾನಿ ಗುರುದೇವ ರಾನಡೆಯವರು 1886ರಲ್ಲಿ ಹುಟ್ಟಿದ್ದು ಜಮಖಂಡಿಯಲ್ಲಿಯೇ.

ಇಂತಹ ಊರಿನ ಹುಡುಗನೊಬ್ಬ ಹೆಚ್ಚು ಓದಬೇಕೆಂದರೆ ಕೊಲ್ಲಾಪುರದ ದಾರಿ ಹಿಡಿಯುವುದು ಆಗಿನ ರೂಢಿ. ಜತ್ತಿಯವರೂ ಕೊಲ್ಲಾಪುರದ ಸೈಕ್ಸ್ ಕಾನೂನು ಮಹಾವಿದ್ಯಾಲಯದಲ್ಲಿ ಕಾನೂನು ಪದವಿ ಪಡೆದು, ಊರಿಗೆ ಮರಳಿ ವಕೀಲಿ ವೃತ್ತಿಯನ್ನು ಆರಂಭಿಸಿದರು. ಮುಂಬಯಿಯ ದೊಡ್ಡ ನ್ಯಾಯಾಲಯಗಳ ವಕೀಲಿಯಂಥದಲ್ಲ, ಚಿಕ್ಕ ಸಂಸ್ಥಾನದ ವಕೀಲಿ. ಬದುವಿನ ಜಗಳ, ಅಣ್ಣತಮ್ಮಂದಿರ ಹಿಸ್ಸೆ, ಸಾಲದ ಕಾಗದ, ಇನಾಮಿನ ತಂಟೆ ಇವೇ ಅಲ್ಲಿಯ ದಿನನಿತ್ಯದ ವ್ಯಾಜ್ಯಗಳು. ಕಕ್ಷಿದಾರನು ಬುತ್ತಿ ಕಟ್ಟಿಕೊಂಡು ಹಳ್ಳಿಯಿಂದ ನಡೆದು ಬರುತ್ತಾನೆ. ಓದು ಬಾರದ ಆತನು ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡಿರುತ್ತಾನೆ. ಒಂದು ಸಹಿಯ ಬೆಲೆ ಎಷ್ಟೆಂಬುದನ್ನು ಹಳ್ಳಿಯ ವಕೀಲನಷ್ಟು ಚೆನ್ನಾಗಿ ಬಲ್ಲವರು ಮತ್ತೊಬ್ಬರಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನಲವತ್ತು ವರ್ಷಗಳ ತರುವಾಯ ಒಂದು ಸಹಿಯ ಪ್ರಶ್ನೆಯೇ ಇವರನ್ನು ದೇಶದ ಎದುರಿಗೆ ನಿಲ್ಲಿಸಲಿದೆ.

ಕರಿ ಕೋಟಿನಿಂದ ಪುರಸಭೆಯ ಕುರ್ಚಿಗೆ

ಸ್ವಾತಂತ್ರ್ಯಪೂರ್ವದ ಭಾರತದಲ್ಲಿ ಪುರಸಭೆಯು ವಕೀಲರ ಪಾಲಿಗೆ ಸಾರ್ವಜನಿಕ ಜೀವನದ ಮೊದಲ ಪಾಠಶಾಲೆಯಾಗಿತ್ತು. ಸೇಲಂನಲ್ಲಿ ವಕೀಲರಾಗಿದ್ದ ರಾಜಾಜಿಯವರು 1917ರಲ್ಲಿ ಅಲ್ಲಿಯ ಪುರಸಭೆಯ ಅಧ್ಯಕ್ಷರಾದರು. ಬ್ಯಾರಿಸ್ಟರ್ ಜವಾಹರಲಾಲ ನೆಹರೂ ಅವರು 1923ರಲ್ಲಿ ಅಲಹಾಬಾದಿನಲ್ಲಿಯೂ, ಬ್ಯಾರಿಸ್ಟರ್ ವಲ್ಲಭಭಾಯಿ ಪಟೇಲರು 1924ರಲ್ಲಿ ಅಹಮದಾಬಾದಿನಲ್ಲಿಯೂ ಅದೇ ಸ್ಥಾನದಲ್ಲಿ ಕುಳಿತರು. ಇದಕ್ಕೆ ಕಾರಣಗಳಿಲ್ಲದಿಲ್ಲ. ಸ್ವಂತ ದುಡಿಮೆಯಿರುವುದರಿಂದ ವಕೀಲನು ಸರಕಾರದ ಸಂಬಳಕ್ಕೆ ಕಾಯಬೇಕಾಗಿಲ್ಲ. ಕಾಯಿದೆಯ ಭಾಷೆಯನ್ನು ಓದಬಲ್ಲನಾದ್ದರಿಂದ ಅಧಿಕಾರಿಗಳಿಗೆ ಹೆದರಬೇಕಾಗಿಲ್ಲ. ಎರಡೂ ಕಡೆಯ ಮಾತನ್ನು ಕೇಳಿ ತಿಳಿಯುವುದು ಆತನ ವೃತ್ತಿಯ ಅಭ್ಯಾಸವೇ ಆಗಿರುತ್ತದೆ.

ಜತ್ತಿಯವರು 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದರು. 1945ರಲ್ಲಿ ಅದರ ಅಧ್ಯಕ್ಷರಾದರು. ಆಗ ಅವರ ವಯಸ್ಸು ಮೂವತ್ತಮೂರರ ಆಸುಪಾಸು. ಮಹಾನಗರಗಳಲ್ಲಿ ಮೇಯರ್ ಎಂದು ಕರೆಯುವ ಸ್ಥಾನಕ್ಕೆ ಚಿಕ್ಕ ಊರಿನಲ್ಲಿ ಇರುವ ಹೆಸರೇ ಪುರಸಭಾಧ್ಯಕ್ಷ. ಗೌರವದ ಉಡುಪು ಕಡಿಮೆ, ಕೆಲಸ ಮಾತ್ರ ಅದೇ: ಕುಡಿಯುವ ನೀರು, ಬೀದಿಯ ದೀಪ, ಗಟಾರ, ಸಂತೆಯ ಬಯಲು, ಸ್ಮಶಾನದ ದಾರಿ, ಮನೆಪಟ್ಟಿ. 2011ರ ಜನಗಣತಿಯ ಹೊತ್ತಿಗೂ ಲಕ್ಷ ಮುಟ್ಟದ ಜಮಖಂಡಿ 1945ರಲ್ಲಿ ಎಷ್ಟು ಚಿಕ್ಕದಾಗಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಇಂತಹ ಊರಿನಲ್ಲಿ ಅಧ್ಯಕ್ಷನಿಗೆ ಮರೆಯಿಲ್ಲ. ಶಾಸನಸಭೆಯ ಸದಸ್ಯನು ತಪ್ಪಿದರೆ ಜನರು ಮುಂದಿನ ಚುನಾವಣೆಯವರೆಗೆ ಕಾಯುತ್ತಾರೆ; ಪುರಸಭೆಯ ಅಧ್ಯಕ್ಷನು ತಪ್ಪಿದರೆ ಮರುದಿನ ಬೆಳಗಿನಲ್ಲಿಯೇ ಬಾವಿಕಟ್ಟೆಯ ತಾಯಂದಿರು ಕೇಳುತ್ತಾರೆ. ಪಟ್ಟಿ ಏರಿಸಿದವರ ಮುಖವನ್ನು ಪಟ್ಟಿ ಕೊಡುವವನು ಪ್ರತಿದಿನ ಸಂತೆಯಲ್ಲಿ ಕಾಣುತ್ತಾನೆ. ಅವಧಿ ಮುಗಿದ ಮೇಲೆ ಅಧ್ಯಕ್ಷನು ಅದೇ ಬೀದಿಯಲ್ಲಿ, ಅದೇ ಜನರ ನಡುವೆ, ಬರಿಯ ನೆರೆಯವನಾಗಿ ಬದುಕಬೇಕು. ಕುರ್ಚಿಯಿಂದ ಇಳಿದ ಮೇಲೂ ತಲೆಯೆತ್ತಿ ನಡೆಯಬೇಕಾದರೆ ಕುರ್ಚಿಯಲ್ಲಿದ್ದಾಗ ತಲೆ ತಗ್ಗಿಸಿ ಕೆಲಸ ಮಾಡಿರಬೇಕು. ಚಿಕ್ಕ ಊರಿನ ಪುರಸಭೆಯು ಕಲಿಸುವ ಮೊದಲ ಪಾಠ ಇದೇ ಎಂದು ನಾವು ತಿಳಿಯುತ್ತೇವೆ.

ಮೊದಲ ಇಳಿತ

ಪುರಸಭೆಯಿಂದ ಜತ್ತಿಯವರು ಸಂಸ್ಥಾನದ ಶಾಸನಸಭೆಗೆ ಹೋದರು. ಅಲ್ಲಿಂದ ಸಂಸ್ಥಾನದ ಮಂತ್ರಿಗಳಾದರು. 1948ರಲ್ಲಿ ಜಮಖಂಡಿ ಸಂಸ್ಥಾನದ ಮುಖ್ಯಮಂತ್ರಿಗಳಾದರು. ಊರಿನ ಹುಡುಗನೊಬ್ಬ ಊರಿನ ಅರಮನೆಯ ಆಡಳಿತವನ್ನೇ ನಡೆಸುವಂತಾದುದು ಸಣ್ಣ ಮಾತಲ್ಲ. ಆದರೆ ಆ ಪದವಿ ಕೈಗೆ ಬಂದಾಗಲೇ ಅದರ ಕೊನೆಯೂ ಕಣ್ಣಿಗೆ ಕಾಣುತ್ತಿತ್ತು. ದೇಶವು ಸ್ವತಂತ್ರವಾಗಿತ್ತು, ದಖ್ಖನಿನ ಚಿಕ್ಕ ಸಂಸ್ಥಾನಗಳು ಒಂದೊಂದಾಗಿ ಭಾರತ ಒಕ್ಕೂಟದಲ್ಲಿ ವಿಲೀನಗೊಳ್ಳುತ್ತಿದ್ದವು. 1948ರ ಮಾರ್ಚ್ 8ರಂದು ಜಮಖಂಡಿಯು ಮುಂಬಯಿ ಪ್ರಾಂತದಲ್ಲಿ ಸೇರಿಹೋಯಿತು. ಸಂಸ್ಥಾನವೇ ಇಲ್ಲವಾದ ಮೇಲೆ ಅದರ ಮುಖ್ಯಮಂತ್ರಿಯ ಪದವಿ ಎಲ್ಲಿಯದು?

ಆಗ ಜತ್ತಿಯವರು ಮಾಡಿದ್ದೇನು? ಮತ್ತೆ ಕರಿ ಕೋಟು ತೊಟ್ಟು ನ್ಯಾಯಾಲಯಕ್ಕೆ ಹೋದರು. ಇಪ್ಪತ್ತು ತಿಂಗಳ ಕಾಲ ವಕೀಲಿ ಮಾಡಿದರು. ನಿನ್ನೆಯವರೆಗೆ ಅಧಿಕಾರಿಗಳು ಎದ್ದು ನಿಂತು ನಮಸ್ಕರಿಸುತ್ತಿದ್ದ ವ್ಯಕ್ತಿಯು ಇಂದು ನ್ಯಾಯಾಧೀಶರ ಮುಂದೆ ತಾನೇ ಎದ್ದು ನಿಂತು, ಯಾವನೋ ಬಡ ರೈತನ ಪರವಾಗಿ ಅರಿಕೆ ಮಾಡಿಕೊಳ್ಳುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಕೈಯಲ್ಲಿ ಒಂದು ಕಾಯಕವಿದ್ದವರಿಗೆ ಮಾತ್ರ ಅದು ಸಾಧ್ಯ. ಕಾಯಕವಿಲ್ಲದೆ ಕುರ್ಚಿಯೊಂದನ್ನೇ ನಂಬಿದವನು ಕುರ್ಚಿ ಹೋದ ದಿನ ಬರಿದಾಗುತ್ತಾನೆ. ಶರಣರು ಪ್ರತಿಯೊಬ್ಬರಿಗೂ ಕಾಯಕವನ್ನು ಕಡ್ಡಾಯಗೊಳಿಸಿದುದರ ಒಂದು ಪ್ರಯೋಜನ ಇಲ್ಲಿ ನಮಗೆ ಗೋಚರಿಸುತ್ತದೆ.

ಬಳಿಕ ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಅವರು ಮುಂಬಯಿ ಶಾಸನಸಭೆಗೆ ನಾಮಕರಣಗೊಂಡರು. ವಾರದೊಳಗೇ ಮುಖ್ಯಮಂತ್ರಿ ಬಿ.ಜಿ. ಖೇರರ ಸಂಸದೀಯ ಕಾರ್ಯದರ್ಶಿಯಾದರು. 1952ರ ಚುನಾವಣೆಯ ತರುವಾಯ ಮೊರಾರ್ಜಿ ದೇಸಾಯಿಯವರ ಮುಂಬಯಿ ಸರಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಉಪಮಂತ್ರಿಗಳಾಗಿ, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೂ ಸೇವೆ ಸಲ್ಲಿಸಿದರು. ಕಾಲದ ಚಮತ್ಕಾರವನ್ನು ನೋಡಿರಿ: 1977ರ ಮಾರ್ಚ್ 24ರಂದು ಅದೇ ಮೊರಾರ್ಜಿಯವರಿಗೆ ಪ್ರಧಾನಮಂತ್ರಿಯ ಪ್ರಮಾಣವಚನವನ್ನು ಬೋಧಿಸಿದವರು ಅವರ ಅಂದಿನ ಉಪಮಂತ್ರಿಗಳೇ.

ಮುಖ್ಯಮಂತ್ರಿಯಾದ ಪುರಸಭಾಧ್ಯಕ್ಷರು

ಕರ್ನಾಟಕದ ಏಕೀಕರಣವಾದಾಗ ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಮತ್ತು ಹಳೆಯ ಮೈಸೂರು ಎಂಬ ಐದು ಕಡೆಯ ಕನ್ನಡಿಗರು ಒಂದೇ ಮನೆಗೆ ಬಂದರು. ಆದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಕಾಯಿದೆಗಳನ್ನು ಹೊತ್ತು ತಂದಿದ್ದರು. ಒಂದು ಕಡೆಯ ಗೇಣಿಯ ಕಾನೂನು ಇನ್ನೊಂದು ಕಡೆ ಇಲ್ಲ. ಒಂದು ಕಡೆಯ ಪಂಚಾಯತಿ ಇನ್ನೊಂದು ಕಡೆಯ ಪಂಚಾಯತಿಯಂತಿಲ್ಲ. ಇವುಗಳನ್ನು ಒಂದುಗೂಡಿಸುವುದು ವಕೀಲನ ತಾಳ್ಮೆಯನ್ನು ಬೇಡುವ ಕೆಲಸ. ಹೊಸ ರಾಜ್ಯದ ಗೇಣಿ ಮತ್ತು ಭೂಕಾನೂನುಗಳನ್ನು ಪರಿಶೀಲಿಸಿದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರಾಗಿದ್ದರು. ಅದು ಇಂದಿಗೂ ಜತ್ತಿ ಸಮಿತಿಯೆಂದೇ ಪ್ರಸಿದ್ಧ. ಅದರ ವರದಿಯ ಆಧಾರದ ಮೇಲೆ 1961ರ ಭೂಸುಧಾರಣಾ ಕಾಯಿದೆ ರೂಪುಗೊಂಡಿತು.

ಅಷ್ಟರಲ್ಲಿ ಪಕ್ಷದೊಳಗಿನ ಭಿನ್ನಮತದಿಂದ ನಿಜಲಿಂಗಪ್ಪನವರು ಮುಖ್ಯಮಂತ್ರಿ ಸ್ಥಾನವನ್ನು ಬಿಟ್ಟುಕೊಟ್ಟರು. 1958ರ ಮೇ 16ರಂದು ಜತ್ತಿಯವರು ಅಂದಿನ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. 1962ರ ಮಾರ್ಚ್‌ವರೆಗೆ ಆ ಸ್ಥಾನದಲ್ಲಿದ್ದರು. ಆ ಅವಧಿಯಲ್ಲಿಯೇ 1959ರ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ ಬಂದಿತು. ಗ್ರಾಮಕ್ಕೆ ಪಂಚಾಯತಿ, ತಾಲ್ಲೂಕಿಗೆ ಅಭಿವೃದ್ಧಿ ಮಂಡಳಿ, ಜಿಲ್ಲೆಗೆ ಅಭಿವೃದ್ಧಿ ಪರಿಷತ್ತು ಎಂಬ ಮೂರು ಮೆಟ್ಟಿಲುಗಳು ಇಡಿಯ ರಾಜ್ಯಕ್ಕೆ ಒಂದೇ ರೀತಿಯಲ್ಲಿ ಸಿದ್ಧವಾದವು. ಊರ ಪುರಸಭೆಯಿಂದ ಮೇಲೆ ಬಂದವರ ಆಡಳಿತದಲ್ಲಿ ಊರಾಡಳಿತದ ಕಾಯಿದೆ ರೂಪುಗೊಂಡುದು ಉಚಿತವೇ ಆಗಿದೆ.

ಗುಣವನ್ನು ಹೇಳುವಾಗ ಕೊರತೆಯನ್ನು ಮುಚ್ಚಬಾರದು. 1961ರ ಭೂಸುಧಾರಣಾ ಕಾಯಿದೆ ಜಾರಿಗೆ ಬಂದದ್ದು 1965ರಲ್ಲಿ. ನಡುವಿನ ಕಾಲದಲ್ಲಿ ಜಾಣ ಜಮೀನುದಾರರು ತಮ್ಮ ಭೂಮಿಯನ್ನು ಉಳಿಸಿಕೊಳ್ಳುವ ದಾರಿಗಳನ್ನು ಹುಡುಕಿಕೊಂಡರು. ಉಳುವವನಿಗೇ ಭೂಮಿ ಎಂಬ ಮಾತಿಗೆ ನಿಜವಾದ ಬಲ ಬಂದದ್ದು 1974ರಲ್ಲಿ, ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ. ನಮ್ಮ ಸಮಾಜದಲ್ಲಿ ಗೇಣಿದಾರರೂ ಇದ್ದರು, ಭೂಮಾಲಿಕರೂ ಇದ್ದರು. ಜತ್ತಿಯವರ ಮಾರ್ಗವು ಇಬ್ಬರನ್ನೂ ನೋಯಿಸದೆ ನಡೆಯಬೇಕೆಂಬ ಮಧ್ಯಮ ಮಾರ್ಗ. ಇಬ್ಬರನ್ನೂ ನೋಯಿಸದ ನ್ಯಾಯವು ಕೆಲವೊಮ್ಮೆ ಬಡವನನ್ನು ಕಾಯಿಸುತ್ತದೆ ಎಂಬುದನ್ನೂ ನಾವು ಒಪ್ಪಬೇಕು.

ಮತ್ತೆ ಇಳಿತ

1962ರ ಚುನಾವಣೆಯ ತರುವಾಯ ರಾಜ್ಯದ ನಾಯಕತ್ವ ಜತ್ತಿಯವರ ಕೈತಪ್ಪಿತು. ಕೆಲವು ತಿಂಗಳು ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಗಳಾಗಿದ್ದು, ಜೂನ್ ತಿಂಗಳಿನಲ್ಲಿ ನಿಜಲಿಂಗಪ್ಪನವರು ಮರಳಿ ಬಂದರು. ನಾಲ್ಕು ವರ್ಷ ಮುಖ್ಯಮಂತ್ರಿಯಾಗಿದ್ದವರು ಇನ್ನೊಬ್ಬರ ಸಂಪುಟದಲ್ಲಿ ಮಂತ್ರಿಯಾಗಿ ಕುಳಿತುಕೊಳ್ಳುವರೇ ಎಂದು ಜನರು ಕುತೂಹಲದಿಂದ ನೋಡಿದರು. ಜತ್ತಿಯವರು ಕುಳಿತರು. ಜುಲೈ ತಿಂಗಳಿನಲ್ಲಿ ಹಣಕಾಸಿನ ಖಾತೆಯನ್ನು ವಹಿಸಿಕೊಂಡರು. 1965ರಲ್ಲಿ ಆಹಾರ ಖಾತೆಯನ್ನು ನೋಡಿಕೊಂಡರು. ರಾಜಕೀಯದಲ್ಲಿ ಇದನ್ನು ದೌರ್ಬಲ್ಯವೆಂದು ಕರೆಯುವವರಿದ್ದಾರೆ. ನಮ್ಮ ಪಾಠಶಾಲೆಯ ಪಂಕ್ತಿಯನ್ನು ನೆನೆದಾಗ ನಮಗೆ ಹಾಗೆ ತೋರುವುದಿಲ್ಲ. ಕೀಲಿಕೈ ಒಪ್ಪಿಸಿದ ಹುಡುಗನು ಊಟಕ್ಕೆ ಬಾರದೆ ಮುನಿಸಿಕೊಂಡರೆ ಹಸಿಯುವವನು ಅವನೇ. ಬಂದು ಬಡಿಸಲು ನಿಂತರೆ ಪಂಕ್ತಿ ನಡೆಯುತ್ತದೆ.

1968ರಲ್ಲಿ ಅವರು ಪಾಂಡಿಚೇರಿಯ ಉಪರಾಜ್ಯಪಾಲರಾದರು. 1972ರಲ್ಲಿ ಒಡಿಶಾದ ರಾಜ್ಯಪಾಲರಾದರು. ಒಡಿಶಾದಲ್ಲಿ ಅವರ ಕೈಯಿಂದಾದ ಒಂದು ತೀರ್ಮಾನ ಇಂದಿಗೂ ಚರ್ಚೆಗೆ ಒಳಗಾಗಿದೆ. 1973ರ ಮಾರ್ಚ್ ಮೊದಲ ವಾರದಲ್ಲಿ ಮುಖ್ಯಮಂತ್ರಿ ನಂದಿನಿ ಸತ್ಪಥಿಯವರು ರಾಜೀನಾಮೆ ಕೊಟ್ಟಾಗ, ತಮಗೆ ಬಹುಮತವಿದೆಯೆಂದು ಹೇಳಿದ ವಿರೋಧ ಪಕ್ಷದ ನಾಯಕ ಬಿಜು ಪಟ್ನಾಯಕರನ್ನು ಸರಕಾರ ರಚಿಸಲು ಜತ್ತಿಯವರು ಕರೆಯಲಿಲ್ಲ. ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ವಿರೋಧ ಪಕ್ಷಗಳು ಇದನ್ನು ಪಕ್ಷಪಾತವೆಂದು ಖಂಡಿಸಿದವು. ಸದನದಲ್ಲಿ ತಲೆಯೆಣಿಸಿ ತೀರಿಸಬಹುದಾದ ಪ್ರಶ್ನೆಯನ್ನು ರಾಜಭವನದಲ್ಲಿ ತೀರಿಸಿದುದು ಸರಿಯಲ್ಲವೆಂದೇ ನಮ್ಮ ಅಭಿಪ್ರಾಯ ಕೂಡ. ಪುರಸಭೆಯಲ್ಲಿ ಬೆಳೆದವರು ಕೈಯೆತ್ತಿಸಿ ಎಣಿಸುವ ಪದ್ಧತಿಯನ್ನು ಮರೆಯಬಾರದಿತ್ತು.

ಒಂದು ದಿನದ ಸಂದೇಹ

1974ರ ಆಗಸ್ಟ್ 31ರಂದು ಜತ್ತಿಯವರು ಉಪರಾಷ್ಟ್ರಪತಿಗಳಾದರು. ವರ್ಷ ತುಂಬುವ ಮೊದಲೇ, 1975ರ ಜೂನ್ ತಿಂಗಳಿನಲ್ಲಿ, ತುರ್ತುಪರಿಸ್ಥಿತಿ ಬಂದಿತು. ಆ ಕಾಲದಲ್ಲಿ ರಾಜ್ಯಸಭೆಯ ಸಭಾಪತಿಯ ಪೀಠದಲ್ಲಿ ಅವರಿದ್ದರು. ಆ ಪೀಠದಿಂದ ಹೆಚ್ಚಿನ ದಿಟ್ಟತನವನ್ನು ನಿರೀಕ್ಷಿಸಿ ನಿರಾಶರಾದವರೂ ಉಂಟು.

1977ರ ಮಾರ್ಚ್ ಚುನಾವಣೆಯಲ್ಲಿ ಕಾಂಗ್ರೆಸ್ ಸೋತು ಜನತಾ ಪಕ್ಷದ ಸರಕಾರ ಬಂದಿತು. ಹಂಗಾಮಿ ರಾಷ್ಟ್ರಪತಿಗಳಾಗಿದ್ದ ಜತ್ತಿಯವರ ಮುಂದೆ ಏಪ್ರಿಲ್ ಕೊನೆಯಲ್ಲಿ ಒಂದು ಕಠಿಣವಾದ ಕಾಗದ ಬಂದಿತು. ಉತ್ತರ ಪ್ರದೇಶ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ, ಪಂಜಾಬ, ಹರಿಯಾಣ, ಹಿಮಾಚಲ ಪ್ರದೇಶ, ಒಡಿಶಾ, ಪಶ್ಚಿಮ ಬಂಗಾಳ ಈ ಒಂಬತ್ತು ರಾಜ್ಯಗಳಲ್ಲಿ ಕಾಂಗ್ರೆಸ್ ಸರಕಾರಗಳು ಸದನದ ಬಹುಮತ ಪಡೆದೇ ನಡೆಯುತ್ತಿದ್ದವು. ಲೋಕಸಭೆಯ ಚುನಾವಣೆಯಲ್ಲಿ ಜನರು ಆ ಪಕ್ಷವನ್ನು ತಿರಸ್ಕರಿಸಿದ್ದಾರೆ, ಆದುದರಿಂದ ಆ ವಿಧಾನಸಭೆಗಳನ್ನೂ ವಿಸರ್ಜಿಸಬೇಕು ಎಂಬುದು ಕೇಂದ್ರ ಸಂಪುಟದ ಸಲಹೆ. ಕೆಲವು ರಾಜ್ಯಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿದ್ದವು. ಏಪ್ರಿಲ್ 29ರಂದು ಏಳು ನ್ಯಾಯಮೂರ್ತಿಗಳ ಪೀಠವು ಅವುಗಳ ಅರ್ಜಿಯನ್ನು ತಿರಸ್ಕರಿಸಿತು. ಇನ್ನು ಉಳಿದದ್ದು ಹಂಗಾಮಿ ರಾಷ್ಟ್ರಪತಿಗಳ ಸಹಿ ಮಾತ್ರ.

ಜತ್ತಿಯವರು ತಕ್ಷಣ ಸಹಿ ಹಾಕಲಿಲ್ಲ. ಇಡೀ ದೇಶವು ರಾಷ್ಟ್ರಪತಿ ಭವನದ ಕಡೆಗೆ ನೋಡಿತು. ಹೊಸ ಸರಕಾರದವರು ಕುಪಿತರಾದರು. ಸೋತ ಪಕ್ಷದ ಋಣ ತೀರಿಸುತ್ತಿದ್ದಾರೆಂದು ಆಡಿಕೊಂಡವರೂ ಇದ್ದರು. ಮರುದಿನ, ಏಪ್ರಿಲ್ 30ರಂದು, ಅವರು ಸಹಿ ಹಾಕಿದರು. ಒಂಬತ್ತು ವಿಧಾನಸಭೆಗಳು ವಿಸರ್ಜನೆಗೊಂಡವು.

ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಒಡಿಶಾದ ಘಟನೆಯನ್ನು ನೆನೆದವರು, ಅಂದು ವಿಸರ್ಜನೆಗೆ ಬೇಗನೆ ಒಪ್ಪಿದವರು ಇಂದು ಏಕೆ ತಡೆದರು ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಮನುಷ್ಯನ ಮನಸ್ಸಿನಲ್ಲಿ ಪಕ್ಷದ ಅಭಿಮಾನ ಎಷ್ಟು, ನ್ಯಾಯದ ಸಂದೇಹ ಎಷ್ಟು ಎಂದು ತೂಗುವ ತಕ್ಕಡಿ ನಮ್ಮಲ್ಲಿಲ್ಲ. ಆದರೆ ಸಂದೇಹಕ್ಕೆ ಆಧಾರವಿರಲಿಲ್ಲವೆಂದು ಹೇಳಲಾಗದು. ಅಂದು ಜಾರಿಯಲ್ಲಿದ್ದ, 1976ರ 42ನೆಯ ತಿದ್ದುಪಡಿಯ ನಂತರದ ಸಂವಿಧಾನವು, ರಾಷ್ಟ್ರಪತಿಗಳು ಸಂಪುಟದ ಸಲಹೆಯಂತೆಯೇ ನಡೆಯತಕ್ಕದ್ದು ಎಂದು ಕಟ್ಟಳೆ ಮಾಡಿತ್ತು. ಮತ್ತೊಮ್ಮೆ ಯೋಚಿಸಿರಿ ಎಂದು ಕಾಗದವನ್ನು ಹಿಂದೆ ಕಳುಹಿಸುವ ಅವಕಾಶವೂ ಅದರಲ್ಲಿ ಬರೆದಿರಲಿಲ್ಲ. ಅಂತಹ ಸ್ಥಿತಿಯಲ್ಲಿ ಒಬ್ಬ ವಕೀಲನು ಮಾಡಬಹುದಾದುದು ಎರಡೇ: ಒಂದು ದಿನ ತಡೆದು ತನ್ನ ಸಂದೇಹವನ್ನು ಕಾಣಿಸುವುದು, ಬಳಿಕ ಕಾನೂನಿಗೆ ತಲೆಬಾಗುವುದು. ಜತ್ತಿಯವರು ಎರಡನ್ನೂ ಮಾಡಿದರು.

ತರುವಾಯದ ಇತಿಹಾಸವು ಆ ಒಂದು ದಿನಕ್ಕೆ ಬೆಲೆ ತಂದುಕೊಟ್ಟಿತು. 1978ರ 44ನೆಯ ತಿದ್ದುಪಡಿಯು, ಸಂಪುಟದ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳುಹಿಸುವ ಅಧಿಕಾರವನ್ನು ರಾಷ್ಟ್ರಪತಿಗಳಿಗೆ ಕೊಟ್ಟಿತು. 1980ರ ಫೆಬ್ರವರಿಯಲ್ಲಿ ಅಧಿಕಾರಕ್ಕೆ ಮರಳಿದ ಇಂದಿರಾ ಗಾಂಧಿಯವರ ಸರಕಾರವು ಅದೇ ಕಾರಣವನ್ನು ಹೇಳಿ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿತು. ಇವರು ಮಾಡಿದುದನ್ನು ಅವರು ತೀರಿಸಿಕೊಂಡರು. ಕೊನೆಗೆ 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯವು ಈ ಅಧಿಕಾರಕ್ಕೆ ಕಡಿವಾಣ ಹಾಕಿ, ಬಹುಮತದ ಪರೀಕ್ಷೆ ಸದನದಲ್ಲಿಯೇ ಆಗಬೇಕೆಂದು ತೀರ್ಪು ನೀಡಿತು. ಆ ತೀರ್ಪು ಯಾರ ಹೆಸರಿನಿಂದ ಪ್ರಸಿದ್ಧವೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಹುಬ್ಬಳ್ಳಿಯಲ್ಲಿ ವಕೀಲರಾಗಿದ್ದು, ಮುಂದೆ ಕರ್ನಾಟಕದ ಮುಖ್ಯಮಂತ್ರಿಗಳಾಗಿ, 1989ರಲ್ಲಿ ತಮ್ಮ ಸರಕಾರವನ್ನು ಕಳೆದುಕೊಂಡ ಎಸ್.ಆರ್. ಬೊಮ್ಮಾಯಿಯವರ ಹೆಸರಿನಿಂದ.

ಮೂರನೆಯ ಇಳಿತ

1977ರ ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಗಳಾದರು. ಐದು ತಿಂಗಳಿಗೂ ಹೆಚ್ಚು ಕಾಲ ದೇಶದ ಅತ್ಯುನ್ನತ ಸ್ಥಾನದಲ್ಲಿದ್ದ ಜತ್ತಿಯವರು ಮರಳಿ ಉಪರಾಷ್ಟ್ರಪತಿಗಳಾಗಿ ರಾಜ್ಯಸಭೆಯ ಪೀಠಕ್ಕೆ ಬಂದು ಕುಳಿತರು. 1979ರ ಆಗಸ್ಟ್ 30ರವರೆಗೆ ಕಾರ್ಯ ನಿರ್ವಹಿಸಿ ನಿವೃತ್ತರಾದರು. ಸಂಸ್ಥಾನದ ಮುಖ್ಯಮಂತ್ರಿ ಸ್ಥಾನದಿಂದ ವಕೀಲಿಗೆ, ರಾಜ್ಯದ ಮುಖ್ಯಮಂತ್ರಿ ಸ್ಥಾನದಿಂದ ಮಂತ್ರಿ ಸ್ಥಾನಕ್ಕೆ, ರಾಷ್ಟ್ರಪತಿ ಭವನದಿಂದ ಸಭಾಪತಿಯ ಪೀಠಕ್ಕೆ, ಹೀಗೆ ಮೂರು ಬಾರಿ ಇಳಿದರು. ಏರಿದ ಕಥೆಯನ್ನು ಬರೆಯುವವರು ಬಹುಮಂದಿ. ನಮಗಾದರೋ ಇಳಿದ ಕಥೆಯೇ ಹೆಚ್ಚು ಬ���ಧಪ್ರದವೆಂದು ಕಾಣುತ್ತದೆ.

ಇಳಿದವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಮಂತ್ರಿಗಳಾಗಿದ್ದಾಗಲೇ, 1964ರಲ್ಲಿ, ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿ ಅದರ ಅಧ್ಯಕ್ಷರಾಗಿದ್ದರು. ಬಸವಾದಿ ಶರಣರ ವಚನಗಳು ಕನ್ನಡದ ಗಡಿಯನ್ನು ದಾಟಿ ಹೋಗಬೇಕು, ಇತರ ಭಾಷೆಗಳ ಜನರಿಗೂ ಅವು ತಲುಪಬೇಕು ಎಂಬುದು ಆ ಸಂಸ್ಥೆಯ ಸಂಕಲ್ಪ. ಬೀಜವು ಮರವಾಗಲು ಕಾಲ ಬೇಕು. 2002ರ ಜೂನ್ 7ರಂದು ಜತ್ತಿಯವರು ಲಿಂಗೈಕ್ಯರಾದರು. ಅವರ ತರುವಾಯವೂ ಸಂಸ್ಥೆಯ ಕಾರ್ಯ ನಿಲ್ಲಲಿಲ್ಲ. ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ವಚನಗಳ ಬಹುಭಾಷಾ ಅನುವಾದದ ಯೋಜನೆ ನಡೆದು, 2017ರ ಬಸವ ಜಯಂತಿಯ ವೇಳೆಗೆ 23 ಭಾಷೆಗಳಲ್ಲಿ ವಚನ ಸಂಪುಟಗಳು ದೆಹಲಿಯಲ್ಲಿ ಲೋಕಾರ್ಪಣೆಗೊಂಡವು. ಜತ್ತಿಯವರ ಪದವಿಗಳಲ್ಲಿ ಒಂದೂ ಅವರೊಡನೆ ಉಳಿಯಲಿಲ್ಲ. ಪದವಿಯಲ್ಲದ ಈ ಕಾರ್ಯವೊಂದು ಉಳಿದು ಬೆಳೆಯಿತು.

ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರೆಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಭಂಡಾರದ ಕೀಲಿಕೈ ಅವರ ಕೈಯಲ್ಲಿತ್ತು. ಮನಸ್ಸು ಮಾತ್ರ ಭಂಡಾರದಲ್ಲಿರಲಿಲ್ಲ. ಆದುದರಿಂದಲೇ ಕಲ್ಯಾಣವನ್ನು ಬಿಡಬೇಕಾಗಿ ಬಂದಾಗ ಬಿಟ್ಟು ಕೂಡಲಸಂಗಮದ ಕಡೆಗೆ ನಡೆದರು. ಕೂಡಲಸಂಗಮವೂ ಜಮಖಂಡಿಯೂ ಇಂದು ಒಂದೇ ಜಿಲ್ಲೆಯಲ್ಲಿವೆ. ಜತ್ತಿಯವರನ್ನು ಬಸವಣ್ಣನವರೊಡನೆ ಹೋಲಿಸುವ ಅವಿವೇಕವನ್ನು ನಾವು ಮಾಡುವುದಿಲ್ಲ. ಅವರ ಬದುಕಿನಲ್ಲಿ ತಪ್ಪುಗಳೂ ಇದ್ದವು, ಅವನ್ನು ಮೇಲೆ ಹೇಳಿದ್ದೇವೆ. ಆದರೆ ನದಿಯ ದಡದಲ್ಲಿ ಬೆಳೆದ ಮರಕ್ಕೆ ನದಿಯ ನೀರು ಸ್ವಲ್ಪವಾದರೂ ತಾಗಿರುತ್ತದೆ.

1992ರ 74ನೆಯ ಸಂವಿಧಾನ ತಿದ್ದುಪಡಿಯು ಪುರಸಭೆಗಳಿಗೆ ಸಂವಿಧಾನದ ಆಧಾರವನ್ನು ಕೊಟ್ಟು, ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿರಿಸಿತು. ಇಂದು ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು, ಸೊಸೆಯಂದಿರು ಊರ ಪುರಸಭೆಗಳಲ್ಲಿ ಕುಳಿತಿದ್ದಾರೆ. ಗೆದ್ದ ದಿನ ಮನೆಯ ಮುಂದೆ ಹಲಗೆ ಬಾರಿಸುತ್ತದೆ, ಹಾರಗಳು ಬೀಳುತ್ತವೆ. ಆ ದಿನ ಮನೆಯ ಹಿರಿಯರು ಎರಡು ಮಾತುಗಳನ್ನು ಹೇಳಿದರೆ ಸಾಕು. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡ. ಇಳಿಯುವ ದಿನ ಬಂದಾಗ ಇದೇ ಬೀದಿಯಲ್ಲಿ ನಡೆದು ಮನೆಗೆ ಬರಬೇಕೆಂಬುದನ್ನು ಮರೆಯಬೇಡ.

ನಮ್ಮ ಪಾಠಶಾಲೆಯ ಉಗ್ರಾಣದ ಕೀಲಿಕೈ ಇಂದು ಯಾವ ಹುಡುಗನ ಕೈಯಲ್ಲಿದೆಯೋ ನಾವು ಕಾಣೆವು. ತಿಂಗಳ ಕೊನೆಗೆ ಆತನು ಅದನ್ನು ಹಸನ್ಮುಖನಾಗಿ ಒಪ್ಪಿಸಲಿ.